ಮುನಿರತ್ನಮ್ಮನ ಗಂಟಲು

ನುಂಗಲಾರದೆ ಉಗುಳಲಾರದೆ ಎಂದು ಜನ ಮಾತಿಗೆ ಹೇಳುತ್ತಾರೆ. ಮುನಿರತ್ನಮ್ಮನಿಗೆ ಆ ವರ್ಷ, ತೊಂಬತ್ತೆರಡೋ ತೊಂಬತ್ತಮೂರೋ ಇರಬೇಕು, ಅದು ಬರೀ ಮಾತಾಗಿರಲಿಲ್ಲ. ದೊಡ್ಡಬಳ್ಳಾಪುರದಲ್ಲಿ ಸಂಜೀವಪ್ಪನವರ ಮಗ್ಗದ ಮನೆಯಲ್ಲಿ ಅವಳು ಸೀರೆ ನೇಯುತ್ತಿದ್ದಳು. ಗಂಟಲಿನಲ್ಲಿ ಅಂಟು ಅಂಟಾಗಿ ಕಫ. ಕೆಮ್ಮಿದರೆ ಮೇಲೆ ಬರದು, ನುಂಗಿದರೆ ಕೆಳಗಿಳಿಯದು. ತಾನಾಗಿಯೇ ಬಾಯಿಗೆ ಬಂದಾಗ ಉಗುಳೋಣವೆಂದರೆ ಎದುರಿಗೇ ಸೀರೆ, ಒಂದು ಹನಿ ಬಿದ್ದರೂ ಕೆಟ್ಟಿತು. ಸೊಂಟದಲ್ಲಿ ಒಂದು ಹಳೇ ಬಟ್ಟೆ ಸಿಕ್ಕಿಸಿಕೊಂಡು, ಯಾರೂ ನೋಡದಾಗ ಅದರಲ್ಲಿ ಉಗುಳುತ್ತಿದ್ದಳು. ಸಂಜೆಯ ಹೊತ್ತಿಗೆ ಮಾತಾಡುವುದಕ್ಕೂ ಬೇಸರವಾಗುತ್ತಿತ್ತು.

ಅವಳು ಬಸುರಿ. ಮೂರನೆಯ ಸಲ. ಹಿಂದಿನ ಎರಡೂ ನಿಂತಿರಲಿಲ್ಲ. ಗಂಡ ಮೂರ್ತಿ ನೆಲಮಂಗಲದಲ್ಲಿ ಲಾರಿ ಓಡಿಸುವವನು, ವಾರಕ್ಕೊಮ್ಮೆ ಮನೆಗೆ ಬಂದರೆ ಹೆಚ್ಚು. ಮನೆಯಲ್ಲಿ ಅತ್ತೆ ಅಶ್ವತ್ಥಮ್ಮನವರದೇ ಕಾನೂನು. "ಮೂರು ತಿಂಗ್ಳು ತುಂಬೋವರ್ಗೂ ಯಾರತ್ರಾನೂ ಬಾಯ್ಬಿಡ್ಬೇಡ ಕಣೇ" ಎಂದು ಆಣೆ ಹಾಕಿಸಿಕೊಂಡಿದ್ದರು. ಹೋದ ಸಲ ಬೀದಿಗೆಲ್ಲ ಗೊತ್ತಾಗಿದ್ದಕ್ಕೇ ಕಣ್ಣು ಬಿತ್ತು ಎಂದು ಅವರ ತೀರ್ಮಾನ.

ಮಗ್ಗದಲ್ಲಿ ಒಂದು ಪದ್ಧತಿಯಿತ್ತು. ಅಡ್ಡನೂಲು ಹೊತ್ತು ಓಡಾಡುವ ಲಾಳಿಯೊಳಗೆ ನೂಲು ಸುತ್ತಿದ ಕಂಡಿಕೆ ಬದಲಾಯಿಸಿದಾಗಲೆಲ್ಲ ಅದರ ಸಣ್ಣ ತೂತಿಗೆ ತುಟಿಯಿಟ್ಟು ಉಸಿರೆಳೆಯಬೇಕು, ಆಗ ನೂಲು ಹೊರಗೆ ಬರುತ್ತದೆ. ಒಬ್ಬರ ಲಾಳಿ ಇನ್ನೊಬ್ಬರ ಬಾಯಿಗೂ ಹೋಗುತ್ತಿತ್ತು. ಮನೆಯಲ್ಲಿ ಎಂಜಲೆಂದು ಲೋಟ ಬೇರೆ ಇಡುವವರೂ ಇಲ್ಲಿ ಲಾಳಿಗೆ ಮಾತ್ರ ರಿಯಾಯಿತಿ ಕೊಟ್ಟಿದ್ದರು.

ಒಂದು ಮಧ್ಯಾಹ್ನ ಕರೆಂಟು ಹೋಗಿ ಮಗ್ಗಗಳೆಲ್ಲ ನಿಂತವು. ಅಷ್ಟು ದಿನ ಮಗ್ಗದ ಸದ್ದಿನಲ್ಲಿ ಮುಚ್ಚಿಹೋಗಿದ್ದ ಅವಳ ಕ್ಯಾಕರಿಕೆ ಎಲ್ಲರ ಕಿವಿಗೂ ಬಿತ್ತು. ಪಕ್ಕದ ಮಗ್ಗದ ಆದಿಲಕ್ಷ್ಮಮ್ಮ ತಿರುಗಿ ನೋಡಿದಳು. ಬಟ್ಟೆಯನ್ನೂ ನೋಡಿದಳು.

"ಏನೇ ಅದು? ಎಷ್ಟು ದಿನದಿಂದ?"

"ಏನಿಲ್ಲಕ್ಕ, ನೂಲಿನ ಧೂಳು."

ಧೂಳೆಂದರೆ ನಂಬಲು ಆದಿಲಕ್ಷ್ಮಮ್ಮ ಮಗ್ಗಕ್ಕೆ ನಿನ್ನೆ ಮೊನ್ನೆ ಬಂದವಳಲ್ಲ. ಹುಡುಗಿ ಸೊರಗಿದ್ದಾಳೆ, ಊಟ ಸೇರುತ್ತಿಲ್ಲ, ಕಫ ಬೇರೆ. ಇಷ್ಟನ್ನೂ ಕೂಡಿಸಿ ಕ್ಷಯ ಎಂದು ತೀರ್ಪು ಕೊಟ್ಟೇಬಿಟ್ಟಳು. ಮಾರನೆಯ ದಿನ ಮುನಿರತ್ನಮ್ಮನ ಲಾಳಿಯನ್ನು ಯಾರೂ ಮುಟ್ಟಲಿಲ್ಲ. ಸಂಜೀವಪ್ಪನವರು ಕೆಟ್ಟವರೇನಲ್ಲ, ಹೆದರಿದ್ದರು ಅಷ್ಟೆ.

"ಆಸ್ಪತ್ರೇಲಿ ಎದೆ ಫೋಟೊ ತೆಗಿಸ್ಕೊಂಡು ಬಾಮ್ಮ. ಏನೂ ಇಲ್ಲ ಅಂತ ಗೊತ್ತಾಗ್ಲಿ, ಆಮೇಲೆ ಕೆಲ್ಸಕ್ಕೆ ಬಾ."

ಬಸುರಿ ಎಂಬ ಒಂದೇ ಮಾತಿನಲ್ಲಿ ಮುಗಿಯುವ ಸಂಗತಿ. ಅವಳು ಆಡಲಿಲ್ಲ. ರೋಗಿಷ್ಠೆ ಅನ್ನಿಸಿಕೊಂಡರೂ ಸರಿ, ಈ ಮಗುವಾದರೂ ಉಳಿಯಲಿ ಎಂದು ತಲೆ ತಗ್ಗಿಸಿ ಮನೆಗೆ ಬಂದಳು. ನನಗಂತೂ ಆ ಆಣೆಯ ಮೇಲೆ ಈಗಲೂ ಸಿಟ್ಟು ಬರುತ್ತದೆ.

ಅತ್ತೆ ಸೊಸೆ ಇಬ್ಬರಿಗೂ ಎದೆ ಫೋಟೊ ಎಂದರೆ ಫೋಟೊವೇ, ಮದುವೆಯಲ್ಲಿ ತೆಗೆಸುವ ಹಾಗೆ. ಆಸ್ಪತ್ರೆಯ ಸಾಲಿನಲ್ಲಿ ಅವರ ಬೀದಿಯ ಹೆಂಗಸರೂ ಇದ್ದರು. ಮೆಷಿನ್ನಿನವನು ಬಾಗಿಲಲ್ಲಿ ನಿಂತು ಕೇಳಿದ, "ಬಸುರಿಯೇನಮ್ಮ? ಹಾಗಿದ್ರೆ ಹೇಳ್ಬಿಡಿ, ಇದು ಮಗುಗೆ ಒಳ್ಳೇದಲ್ಲ."

"ಇಲ್ಲಪ್ಪ, ಅಂಥದ್ದೇನಿಲ್ಲ" ಎಂದುಬಿಟ್ಟರು ಅಶ್ವತ್ಥಮ್ಮ. ಕೇಳಿದವರಿಗೆಲ್ಲ ಅದನ್ನೇ ಹೇಳಿ ಹೇಳಿ ಬಾಯಿಗೆ ರೂಢಿಯಾಗಿತ್ತು. ಮಗುವಿಗೆ ಒಳ್ಳೆಯದಲ್ಲ ಎಂದು ಅವನು ಹೇಳಿದ ಇನ್ನೊಂದು ಮಾತು ಅವರ ತಲೆಗೆ ಇಳಿದೇ ಇರಲಿಲ್ಲ.

"ಸರಿ, ಒಳಗೆ ಬಾಮ್ಮ."

ಮುನಿರತ್ನಮ್ಮ ಹೊಸ್ತಿಲು ದಾಟಲಿಲ್ಲ. ಮಾತಾಡಲು ಹೋದರೆ ಕಫ ಅಡ್ಡ ಬಂತು. ಕ್ಯಾಕರಿಸಿ, ಉಸಿರು ಎಳೆದುಕೊಂಡು, "ಬಸುರಿ ನಾನು. ಬಸುರಿ!" ಎಂದಳು. ಮಗ್ಗದ ಸದ್ದಿನಲ್ಲಿ ಕೂಗಿ ಮಾತಾಡುವವರಿಗೆ ಮೆಲ್ಲಗೆ ಹೇಳಲು ಬರುವುದಿಲ್ಲ. ಸಾಲಿಗೆ ಸಾಲೇ ತಿರುಗಿ ನೋಡಿತು.

ಫೋಟೊ ತೆಗೆಯಲಿಲ್ಲ. ಡಾಕ್ಟರಮ್ಮ ಕಫ ಪರೀಕ್ಷೆ ಮಾಡಿಸಿದರು, ಕ್ಷಯ ಇರಲಿಲ್ಲ. ಕೆಲವರಿಗೆ ಬಸುರಿನಲ್ಲಿ ಹೀಗಾಗುತ್ತದೆ, ಹೆರಿಗೆಯಾದ ಮೇಲೆ ಹೋಗುತ್ತದೆ ಎಂದರು. ಸಂಜೀವಪ್ಪನವರು ಕೆಲಸಕ್ಕೆ ಬರಲು ಹೇಳಿ ಕಳಿಸಿದರು. ಆದಿಲಕ್ಷ್ಮಮ್ಮ ಮನೆಗೇ ಬಂದು, "ಮೊದ್ಲೇ ಹೇಳೋಕೇನಾಗಿತ್ತೇ ನಿಂಗೆ" ಎಂದು ಬೈದು ಹೋದಳು.

ಅಶ್ವತ್ಥಮ್ಮ ಸೊಸೆಯನ್ನು ಎದುರಿಗೆ ಕೂರಿಸಿಕೊಂಡರು. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಆಮೇಲೆ ತುಳಸಿ ಜೀರಿಗೆಯ ಕಷಾಯ ಕಾಯಿಸಿ ತಂದರು.

"ಕುಡಿಯಮ್ಮ, ಗಂಟ್ಲು ತಿಳಿಯಾಗ್ಲಿ. ನಾನೇ ಆ ಮೆಷಿನ್ ರೂಮೊಳಗೆ ಕಳಿಸ್ಬಿಡ್ತಿದ್ನಲ್ಲೇ ನಿನ್ನ."

ಮುನಿರತ್ನಮ್ಮ ಲೋಟ ತೆಗೆದುಕೊಂಡಳು. ಕುಡಿಯದೆ ಪಕ್ಕಕ್ಕೆ ಇಟ್ಟಳು.

"ಬೇಡ ಅತ್ತೆ. ಹಿಂದೆ ಎರಡು ಸಲಾನೂ ಒಂದಿನ ಬೆಳಿಗ್ಗೆ ಎದ್ರೆ ಗಂಟ್ಲು ಪೂರ್ತಿ ತಿಳಿಯಾಗೋಗಿತ್ತು. ಸದ್ಯ ಹೋಯ್ತಲ್ಲ ಅಂತ ಖುಷಿಪಟ್ಟೆ. ಆ ವಾರದಲ್ಲೇ ಮಗೂನೂ ಹೋಯ್ತು. ಇದು ಹಿಂಗೇ ಇರ್ಲಿ."

ಅಷ್ಟು ಹೇಳುವುದರೊಳಗೆ ಮತ್ತೆ ಕಫ ಬಾಯಿಗೆ ಬಂತು. ಅವಳು ಬಟ್ಟೆಗಾಗಿ ಸೊಂಟ ತಡಕಾಡಿದಳು. ಅಶ್ವತ್ಥಮ್ಮ ತಮ್ಮ ಸೆರಗನ್ನೇ ಸೊಸೆಯ ಬಾಯಿಗೆ ಒಡ್ಡಿದರು.