ಕೂಸಿನ ಗಾಡಿ ಕಾಂತಮ್ಮ

ಹಳೇಬೀಡಿನ ಕೆರೆಯ ಮೇಲೆ ಮಂಜು ಇನ್ನೂ ಕೂತಿರುವಾಗಲೇ ಕಾಂತಮ್ಮ ಅಂಗಡಿಯ ಹಲಗೆಗಳನ್ನು ಒಂದೊಂದಾಗಿ ತೆಗೆದು ಗೋಡೆಗೆ ಒರಗಿಸುತ್ತಾರೆ. ಬಾಗಿಲಿಗೆ ನೀರು ಚಿಮುಕಿಸಿ, ಪುಟ್ಟದೊಂದು ರಂಗೋಲಿ ಎಳೆದು, ಗುಡಿಯ ದಿಕ್ಕಿಗೆ ತಿರುಗಿ ಕೈಮುಗಿಯುತ್ತಾರೆ. ಆಮೇಲೆ ಹಿಂದಿನ ದಿನ ರಿಪೇರಿ ಮಾಡಿಟ್ಟ ಮಗುವಿನ ತಳ್ಳುಗಾಡಿಯನ್ನು ಹೊರಗೆಳೆದು, ಅದರ ಸೀಟಿನಲ್ಲಿ ರಾಗಿಯ ಚೀಲವೊಂದನ್ನು ಕೂರಿಸಿ, ಚೀಲದ ಮಡಿಲಲ್ಲಿ ನೀರು ತುಂಬಿದ ಹಿತ್ತಾಳೆ ಚೊಂಬನ್ನು ಇಡುತ್ತಾರೆ. ಸೆರಗು ಸಿಕ್ಕಿಸಿ ಬೀದಿಗೆ ತಳ್ಳಿಕೊಂಡು ಹೊರಡುತ್ತಾರೆ. ಅಲ್ಲಲ್ಲಿ ಕಲ್ಲೆದ್ದ ಬೀದಿ. ತಿರುವಿನ ಹುಣಸೆಮರದ ತನಕ ಹೋಗಿ ಬಂದು, ಬಗ್ಗಿ ಚೀಲವನ್ನು ಮುಟ್ಟಿ ನೋಡುತ್ತಾರೆ.

ಎದುರಿನ ಟೀ ಅಂಗಡಿಯ ಗಿಡ್ಡಯ್ಯನಿಗೆ ಇದೊಂದು ನಿತ್ಯದ ತಮಾಷೆ. "ಏನ್ ಕಾಂತಕ್ಕ, ನಿನ್ ಚೊಂಬಪ್ಪನ ಸವಾರಿ ಆಯ್ತಾ? ಇವತ್ತು ಸುಮ್ಕೆ ಮಲ್ಗಿದ್ನಾ, ಅತ್ನಾ?"

"ಒಂಚೂರು ಅತ್ತ ಕಣೋ. ಎಡಗಡೆ ಚಕ್ರ ಇನ್ನೂ ಕುಂಟ್ತಾ ಐತೆ."

ಚೀಲ ಒದ್ದೆಯಾದರೆ ಗಾಡಿ ಮತ್ತೆ ಒಳಗೆ. ಕಾಂತಮ್ಮ ಮಣೆ ಹಾಕಿಕೊಂಡು ಕೂತು, ಚಕ್ರ ಬಿಚ್ಚಿ, ಹಲ್ಲು ಕಚ್ಚಿ ಸ್ಪ್ಯಾನರ್ ತಿರುಗಿಸುತ್ತಾರೆ. ನೀರು ತುಳುಕದೆ ಬರುವ ತನಕ ಯಾವ ಗಾಡಿಯೂ ಈ ಅಂಗಡಿಯ ಹೊಸಿಲು ದಾಟುವುದಿಲ್ಲ. "ನೀರಿಗೆ ಎಲುಬಿಲ್ಲ, ಕೂಸಿನ ಕತ್ತಿಗೂ ಇನ್ನೂ ಬಲ ಬಂದಿರಾಕಿಲ್ಲ. ನೀರು ತಡ್ಕೊಂಡ್ರೆ ಕೂಸೂ ತಡ್ಕತದೆ," ಎಂಬುದು ಅವರ ಲೆಕ್ಕ.

ಈ ಅಂಗಡಿ ಅವರ ಗಂಡ ಪುಟ್ಟರಾಜು ಇಟ್ಟದ್ದು, ಸೈಕಲ್ ರಿಪೇರಿಗೆಂದು. ಗುಡಿ ನೋಡಲು ಬರುವ ಪಟ್ಟಣದವರು ಮಕ್ಕಳನ್ನು ಗಾಡಿಯಲ್ಲಿ ಕೂರಿಸಿಕೊಂಡು ಬರುತ್ತಾರೆ. ನುಣುಪು ನೆಲಕ್ಕೆಂದು ಮಾಡಿದ ಪುಟ್ಟ ಚಕ್ರಗಳು ಇಲ್ಲಿನ ಬೀದಿಯ ಕಲ್ಲಿಗೆ ಸಿಕ್ಕಿ ಬಾಯಿಬಿಡುತ್ತವೆ. ಹಾಗೊಂದು ಮಧ್ಯಾಹ್ನ ಮುರಿದ ಗಾಡಿ, ಅಳುವ ಮಗು, ಜಗಳವಾಡುವ ತಂದೆತಾಯಿ ಮೂರೂ ಒಟ್ಟಿಗೆ ಅಂಗಡಿಗೆ ಬಂದವಂತೆ. ಪುಟ್ಟರಾಜು ಹಳೆಯ ಸೈಕಲ್ಲಿನ ಸಾಮಾನಿನಿಂದಲೇ ಗಾಡಿಯನ್ನು ಎದ್ದು ನಿಲ್ಲಿಸಿದರು. ಅಂದಿನಿಂದ ಆ ಕೆಲಸ ಅಂಟಿಕೊಂಡಿತು. ಕೆಲವರು ಮುರಿದದ್ದನ್ನು ಅಲ್ಲೇ ಬಿಟ್ಟು ಹೋಗುತ್ತಿದ್ದರು. ಅರಸೀಕೆರೆಯ ಗುಜರಿಯಿಂದಲೂ ಒಂದೆರಡು ಬರುತ್ತಿದ್ದವು. ಅವನ್ನು ಸರಿಮಾಡಿ ಸುತ್ತಲಿನ ಹಳ್ಳಿಯವರಿಗೆ ಕೊಡುವುದು ಶುರುವಾಯಿತು. ಚಕ್ರ ಗಂಡನದು, ನೆರಳಿನ ಬಟ್ಟೆ ಹೊಲಿಯುವುದು ಹೆಂಡತಿಯದು.

ಮೂರು ವರ್ಷದ ಹಿಂದೆ ಪುಟ್ಟರಾಜು ತೀರಿಕೊಂಡರು. ಇಬ್ಬರು ಮಾಡುತ್ತಿದ್ದ ಕೆಲಸವನ್ನು ಒಬ್ಬರೇ ಮಾಡುವಾಗ ಮೊದಲು ನೋಯುವುದು ಕೈಯಲ್ಲ. ಕಾಂತಮ್ಮ ಅದನ್ನು ತಮ್ಮ ಮಾತಿನಲ್ಲಿ ಹೇಳುತ್ತಾರೆ: "ತಿಥಿ ಮುಗುದ್ರೂ ಬಾಗ್ಲು ತೆಗೀಲಿಲ್ಲ. ಒಂದಿನ ಒಬ್ಳು ಹುಡ್ಗಿ ಕುಂಟೋ ಗಾಡಿ ತಂದು ನಿಂತ್ಲು. 'ಅಣ್ಣ ಇಲ್ವಾ' ಅಂದ್ಲು. ಇಲ್ಲ ಅನ್ನಾಕೆ ಬಾಯಿ ಬರ್ಲಿಲ್ಲ. ಸ್ಪ್ಯಾನರ್ ತಗೊಂಡೆ. ಆವತ್ತಿಂದ ತಗೊಂಡೇ ಇವ್ನಿ."

ಕೊಟ್ಟವನೇ ಕರೆಸಿಕೊಂಡ ಎಂದು ಅವರು ಸಮಾಧಾನ ಮಾಡಿಕೊಂಡಿದ್ದಾರೆ. ಆದರೆ ಅಂಗಡಿಯ ಸೂರಿಗೆ ಒಂದು ಗಾಡಿ ತೂಗುಹಾಕಿದೆ. ಅದು ಪುಟ್ಟರಾಜು ಕಡೆಯದಾಗಿ ಮಾಡಿದ್ದು. ಮಗಳು ಭಾಗ್ಯ ಬಾಣಂತನಕ್ಕೆ ಬಂದಾಗ, ಮೊಮ್ಮಗನನ್ನು ತಳ್ಳಿಕೊಂಡು ತಿರುಗಲಿ ಎಂದು ಹೆಂಡತಿಯ ಕುಳ್ಳು ಎತ್ತರಕ್ಕೆ ಸರಿಯಾಗಿ ಹಿಡಿ ಬಗ್ಗಿಸಿ, ಮಕ್ಕಳ ಸೈಕಲ್ಲಿನ ಅಗಲ ಚಕ್ರ ಕೂರಿಸಿ ಮಾಡಿದ ಗಾಡಿ. ಅದರಲ್ಲಿ ಕೂತು ಬೆಳೆದ ಹುಡುಗ ಈಗ ಅರಸೀಕೆರೆಯಲ್ಲಿ ಅಂಗನವಾಡಿಗೆ ಓಡಿಕೊಂಡು ಹೋಗುತ್ತಾನೆ. ಗಾಡಿ ಮಾತ್ರ ಸೂರಿನಲ್ಲೇ ಇದೆ. ಹಬ್ಬಕ್ಕೊಮ್ಮೆ ಕಾಂತಮ್ಮ ಅದನ್ನು ಇಳಿಸಿ, ಒರೆಸಿ, ಚಕ್ರಕ್ಕೆ ಎಣ್ಣೆ ಬಿಟ್ಟು ಮತ್ತೆ ಮೇಲೇರಿಸುತ್ತಾರೆ. ಯಾರು ಕೇಳಿದರೂ ಒಂದೇ ಉತ್ತರ: "ಅದು ಕೊಡಾದಲ್ಲ."

ಈ ಶನಿವಾರ ಬೆಳಿಗ್ಗೆ ಹುಲಿಕೆರೆಯಿಂದ ಒಂದು ಸಂಸಾರ ಆಟೋದಲ್ಲಿ ಬಂದಿಳಿಯುತ್ತದೆ. ಮುಂದೆ ಚೇತನ್‌ಕುಮಾರ್, ಹಾಸನದ ಬ್ಯಾಂಕಿನಲ್ಲಿ ಕೆಲಸ, ಆರಡಿ ಆಳು. ಹಿಂದೆ ಹೆಂಡತಿ ಇಂದು, ಅವಳ ಕಂಕುಳಲ್ಲಿ ಆರು ತಿಂಗಳ ಮಗಳು ಸಿರಿ. ಕಡೆಗೆ ಚೇತನ್‌ನ ತಾಯಿ ಮುದ್ದಮ್ಮ. ಬಾಣಾವರದ ಶಾಲೆಯಲ್ಲಿ ಟೀಚರ್ ಆಗಿರುವ ಇಂದುವಿಗೆ ಸೋಮವಾರ ರಜೆ ಮುಗಿಯುತ್ತದೆ. ಮಗುವನ್ನು ನೋಡಿಕೊಳ್ಳುವವರು ಮುದ್ದಮ್ಮ. ಅವರ ಬಲಭುಜ ಹಿಡಿದುಕೊಂಡು ವರ್ಷವಾಗಿದೆ. ಮಗುವನ್ನು ಎತ್ತಿ ಕೂರಿಸಬಲ್ಲರು, ಎತ್ತಿಕೊಂಡು ತಿರುಗಲಾರರು. ಸಿರಿಯೋ, ತಿರುಗಿಸದೆ ನಿದ್ದೆ ಮಾಡುವವಳಲ್ಲ.

"ಗಾಡಿ ಸರಿಹೋಗ್ಲಿಲ್ಲ ಅಂದ್ರೆ ನಾನು ಕೆಲ್ಸ ಬಿಡೋದೇ ಅಕ್ಕ. ಅತ್ತೆಗೆ ನೋವು ಕೊಟ್ಟು ನಾನು ಪಾಠ ಹೇಳೋಕಾಗಲ್ಲ," ಎನ್ನುತ್ತಾಳೆ ಇಂದು.

ಮುದ್ದಮ್ಮನವರ ಮುಖ ಸೊಟ್ಟಗಾಗುತ್ತದೆ. ನೋವಿದೆ ಎಂದು ಒಪ್ಪಿಕೊಳ್ಳುವುದೂ ಅವರಿಗೆ ಕಷ್ಟ, ಗಾಡಿಯೂ ಬೇಡ. "ಕೂಸ್ನ ಸೊಪ್ಪಿನ ಗಾಡಿ ಹಂಗೆ ತಳ್ಕೊಂಡೋದ್ರೆ ಊರೋರು ಕಟ್ಟು ಹೆಂಗೆ ಅಂತ ಕೇಳಾಕಿಲ್ವಾ?"

ಅಷ್ಟರಲ್ಲಿ ಚೇತನ್ ಒಂದು ಕೆಂಪು ಗಾಡಿಯನ್ನು ಆರಿಸಿ, ಅಂಗಡಿಯೊಳಗೇ ಎರಡು ಸುತ್ತು ತಳ್ಳಿ, ಮಡಚಿ, ಬಿಚ್ಚಿ, "ಇದೇ ಇರ್ಲಿ, ಫಸ್ಟ್ ಕ್ಲಾಸಾಗಿದೆ," ಎಂದು ತೀರ್ಮಾನವನ್ನೂ ಕೊಟ್ಟಿದ್ದಾನೆ.

"ನಿಂಗೆ ಫಸ್ಟ್ ಕ್ಲಾಸೇ ಕಣಪ್ಪ," ಎನ್ನುತ್ತಾರೆ ಕಾಂತಮ್ಮ. "ದಿನಾ ತಳ್ಳೋರು ಯಾರು?"

"ಅಮ್ಮ."

"ಮತ್ತೆ ನೀನ್ಯಾಕೆ ಆರಿಸ್ತೀಯ? ಗಾಡಿ ಅಳ್ತೆ ಕೂಸಿಂದಲ್ಲ, ತಳ್ಳೋರ್ದು. ಬನ್ನಿ ಮುದ್ದಕ್ಕ, ಹಿಡೀರಿ."

ಸಿರಿಯ ಭಾರಕ್ಕೆ ರಾಗಿ ತುಂಬಿದ ಚೀಲ ಸೀಟು ಸೇರುತ್ತದೆ, ಅದರ ಮಡಿಲಿಗೆ ಚೊಂಬು. ಮುದ್ದಮ್ಮ ಹಿಡಿಯನ್ನು ಹಿಡಿದಾಗ ಮೊಣಕೈ ಎದೆಯ ಮಟ್ಟಕ್ಕೆ ಏರುತ್ತದೆ. ನಾಲ್ಕು ಹೆಜ್ಜೆಗೆ ಚೊಂಬು ವಾಲುತ್ತದೆ, ಚೀಲ ನೆನೆಯುತ್ತದೆ, ಅವರ ಕೈ ಭುಜಕ್ಕೆ ಹೋಗುತ್ತದೆ. ಇನ್ನೊಂದು ಗಾಡಿ, ಮತ್ತೊಂದು. ಎಲ್ಲವೂ ಎತ್ತರದವೇ. ಹಿಡಿ ಕತ್ತರಿಸಿಕೊಡಿ ಎಂದು ಚೇತನ್ ಕೇಳುತ್ತಾನೆ. ಮಡಚುವ ಗಾಡಿಗಳು ಅವು, ಹಿಡಿ ಕತ್ತರಿಸಿದರೆ ಕೀಲು ನಿಲ್ಲುವುದಿಲ್ಲ ಎನ್ನುತ್ತಾರೆ ಕಾಂತಮ್ಮ.

ಗಿಡ್ಡಯ್ಯ ಟೀ ತಂದಿಡುತ್ತಾನೆ. "ಬೆಳಗಿಂದ ರಾಗಿ ನೆನೆ ಹಾಕ್ತಾ ಇದ್ದೀರಲ್ಲ, ಮೊಳಕೆ ಬಂದ್ರೆ ನಂಗೂ ಒಂದ್ ಲೋಟ ಗಂಜಿ ಕೊಡಿ." ಯಾರೂ ನಗುವುದಿಲ್ಲ. ಇಂದು ಮಗುವಿನ ಟೋಪಿಯನ್ನು ಸರಿಮಾಡುತ್ತ, "ಬಿಡಿ, ನಾನೇ ಮನೇಲಿರ್ತೀನಿ," ಎನ್ನುತ್ತಾಳೆ, ಮೆಲ್ಲಗೆ.

ಮುದ್ದಮ್ಮನವರ ಕಣ್ಣು ಸೂರಿನ ಕಡೆ ಹೋಗುತ್ತದೆ. "ಅದ್ಯಾಕೆ ಮೇಲೈತೆ?"

ಕಾಂತಮ್ಮ ಒದ್ದೆ ಚೀಲವನ್ನು ಕೆಳಗಿಳಿಸುತ್ತಾರೆ. "ಅದು ನಮ್ ಯಜಮಾನ್ರು, ಮೊಮ್ಮಗನ್ನ ತಳ್ಳಾಕೆ ನಂಗೆ ಅಂತ ಮಾಡಿದ್ದು. ಕೊಡಾದಲ್ಲ ಕಣಕ್ಕ." ಆದರೂ ಅವರ ದೃಷ್ಟಿ ಮುದ್ದಮ್ಮನವರ ತಲೆಯಿಂದ ತಮ್ಮ ತಲೆಗೆ ಬರುತ್ತದೆ. ಇಬ್ಬರೂ ಒಂದೇ ಎತ್ತರ. ಏಣಿ ಹಾಕಿ, "ಸುಮ್ಕೆ ಅಳ್ತೆ ನೋಡಾಕೆ," ಎಂದು ಗಾಡಿ ಇಳಿಸಿ, ಅದರಲ್ಲಿ ಬೇರೊಂದು ಒಣ ರಾಗಿಚೀಲವನ್ನೂ ಚೊಂಬನ್ನೂ ಇಡುತ್ತಾರೆ.

ಮುದ್ದಮ್ಮ ಹಿಡಿಗೆ ಕೈಯಿಟ್ಟಾಗ ಭುಜ ಏಳುವುದಿಲ್ಲ. ಮೊದಲು ನಾಚಿಕೊಂಡು, ಆಮೇಲೆ ಬೀದಿಯ ಮಧ್ಯದಲ್ಲೇ ಹುಣಸೆಮರದ ತನಕ ಹೋಗಿ, ಯಾರಿಗೂ ಹೇಳದೆ ಇನ್ನೊಂದು ಸುತ್ತು ಹಾಕಿ ಬರುತ್ತಾರೆ. ಚೀಲ ನೆನೆದಿಲ್ಲ.

"ಇದ್ರಲ್ಲಿ ಕೂತ ಕೂಸು ಚೆನ್ನಾಗೈತಾ?" ಎಂದು ಮುದ್ದಮ್ಮ ಕೇಳುತ್ತಾರೆ.

"ಅಂಗನವಾಡಿ ಟೀಚರ್‌ಗೇ ಸಾಕ್‌ಸಾಕ್ ಮಾಡ್ತಾನಂತೆ."

ಚೇತನ್ ಬೆಲೆ ಕೇಳಲು ಬಾಯಿ ತೆರೆಯುತ್ತಾನೆ. ತಾಯಿ ತಡೆಯುತ್ತಾರೆ. "ಏನ್ಲಾ ನೀನು, ಬಾಯಿ ಮುಚ್ಚು." ಅವರ ಮನೆತನದಲ್ಲಿ ಚೊಚ್ಚಲ ಕೂಸಿಗೆ ತೊಟ್ಟಿಲು ಕೊಳ್ಳುವ ಪದ್ಧತಿಯಿಲ್ಲ. ಮಕ್ಕಳು ಚೆನ್ನಾಗಿ ಬೆಳೆದ ಮನೆಗೆ ಹೋಗಿ, ಎಲೆ ಅಡಿಕೆ ಕೊಟ್ಟು ಎರವಲು ಕೇಳುತ್ತಾರೆ. ಕೂಸು ನಡೆಯಲು ಕಲಿತ ಮೇಲೆ ತೊಟ್ಟಿಲು ಕೊಟ್ಟವರ ಮನೆಗೇ ಮರಳುತ್ತದೆ. ಮುದ್ದಮ್ಮ ಸೊಂಟದ ಚೀಲ ಬಿಚ್ಚಿ, ತಮ್ಮ ಬಾಯಿಗೆಂದು ಇಟ್ಟುಕೊಂಡಿದ್ದ ಎರಡು ವೀಳ್ಯದೆಲೆ, ಒಂದು ಚೂರು ಅಡಿಕೆ ತೆಗೆದು ಎರಡೂ ಕೈಯಲ್ಲಿ ಚಾಚುತ್ತಾರೆ. ಬಲಗೈ ಅರ್ಧಕ್ಕೇ ನಿಲ್ಲುತ್ತದೆ.

"ಮಾರ್ಬೇಡ ಕಣವ್ವ. ನಿಂದು ನಿಂದಾಗೇ ಇರ್ಲಿ. ತೊಟ್ಲು ಕೇಳ್ದಂಗೆ ಕೇಳ್ತಾ ಇವ್ನಿ. ಎರವಲು ಕೊಡು."

ಕಾಂತಮ್ಮ ಗಾಡಿಯ ಹಿಡಿಯನ್ನು ನೋಡುತ್ತಾರೆ. ಬಗ್ಗಿಸಿದ ಜಾಗದಲ್ಲಿ ಸುತ್ತಿಗೆಯ ಸಣ್ಣ ಗುರುತುಗಳಿವೆ. ಸೆರಗಿನಿಂದ ಒಮ್ಮೆ ಅದನ್ನು ಒರೆಸಿ, ಮುಂದೆ ಬಂದು, ಬಗ್ಗಿ ಎಲೆ ಅಡಿಕೆ ತೆಗೆದುಕೊಳ್ಳುತ್ತಾರೆ. ಇಂದು ಮುಖ ತಿರುಗಿಸಿ ಕಣ್ಣೊರೆಸಿಕೊಳ್ಳುತ್ತಾಳೆ. ಸಿರಿಯನ್ನು ಕೂರಿಸಿದಾಗ ಅವಳು ಅಳುವುದೂ ಇಲ್ಲ, ನಗುವುದೂ ಇಲ್ಲ, ಚಕ್ರದ ಕಡೆ ಬಗ್ಗಿ ನೋಡುತ್ತಾಳೆ.

ಬರಿದಾದ ತೊಟ್ಟಿಲು ಕಳಿಸಬಾರದು ಎಂಬುದು ಕಾಂತಮ್ಮನವರಿಗೂ ಗೊತ್ತು. ನೆನೆಯದ ಆ ರಾಗಿಯ ಚೀಲವನ್ನು ಮಗುವಿನ ಕಾಲಬುಡಕ್ಕೆ ಸೇರಿಸುತ್ತಾರೆ. "ಕೂಸಿಗೆ ರಾಗಿ ಸರಿ ಕಾಯ್ಸಿ ತಿನ್ಸು," ಎಂದು ಇಂದುವಿಗೆ ಹೇಳುತ್ತಾರೆ. ಆಟೋ ಹತ್ತುವ ಮುನ್ನ ಮುದ್ದಮ್ಮ ಗಾಡಿಯನ್ನು ಬಸ್ ನಿಲ್ದಾಣದ ತನಕ ತಾವೇ ತಳ್ಳಿಕೊಂಡು ಹೋಗುತ್ತಾರೆ. ದಾರಿಯಲ್ಲಿ ಯಾರೋ ಏನೋ ಕೇಳುತ್ತಾರೆ. "ಸೊಪ್ಪಲ್ಲ ಕಣಯ್ಯ, ಮೊಮ್ಮಗ್ಳು!" ಎಂಬ ಅವರ ದನಿ ಅಂಗಡಿಯ ತನಕ ಕೇಳಿಸುತ್ತದೆ.

ಸೂರಿನಲ್ಲಿ ಈಗ ಎರಡು ಕೊಂಡಿ ಮಾತ್ರ ಇವೆ. ಬೇಸರವಾಗಲಿಲ್ಲವೇ ಎಂದು ಗಿಡ್ಡಯ್ಯ ಕೇಳಿದರೆ, ಕಾಂತಮ್ಮ ಮಣೆಯೆಳೆದು ಕೂತು, ಮುಂದಿನ ಗಾಡಿಯನ್ನು ತಲೆಕೆಳಗೆ ಮಾಡಿ, ಎಡಗಡೆಯ ಚಕ್ರವನ್ನು ಬೆರಳಿನಿಂದ ತಿರುಗಿಸುತ್ತಾರೆ.

"ಅದು ವಾಪಸ್ ಬಂದಾಗ ಚಕ್ರ ಸವೆದಿರ್ಬೇಕು. ಸವೆದಿರ್ಲಿಲ್ಲ ಅಂದ್ರೆ ಮುದ್ದಕ್ಕನ್ನ ಸುಮ್ನೆ ಬಿಡಾಕಿಲ್ಲ."