ಶ್ರಾದ್ಧದ ಮೂರು ಸೊನ್ನೆ

ಮೊಮ್ಮಗಳ ಮುಖ ಊದಿಕೊಂಡಾಗ ಮೊದಲು ಸಂತೋಷಪಟ್ಟವಳು ನಾನು. ಐದು ವರ್ಷದ ಕಡ್ಡಿಯಂಥ ಹುಡುಗಿ, ಒಂದು ವಾರದಲ್ಲಿ ಕೆನ್ನೆ ತುಂಬಿಕೊಂಡಳು. ಎಲ್ಲ ನನ್ನ ತುಪ್ಪದ ಮಹಿಮೆ ಎಂದು ಎನ್.ಆರ್. ಕಾಲೋನಿಯ ಅರ್ಧ ಬೀದಿಗೆ ಹೇಳಿ ಬಂದೆ. ಆಮೇಲೆ ಕಾಲೂ ಊದಿತು. ತುಪ್ಪ ಪಾದಕ್ಕೆ ಇಳಿಯುವುದಿಲ್ಲ ಎಂಬಷ್ಟು ನನಗೂ ಗೊತ್ತಿತ್ತು.

ಮೆಡಿಕಲ್ ಕಾಲೇಜಿನ ಆಸ್ಪತ್ರೆಯಲ್ಲಿ ಮಕ್ಕಳ ಕಿಡ್ನಿಗೆಂದೇ ಒಬ್ಬ ಡಾಕ್ಟರಮ್ಮ ಇದ್ದರು. ರೋಗಿಗಳನ್ನು ನೋಡುವುದು, ಕಲಿಯುವ ಡಾಕ್ಟರುಗಳಿಗೆ ಪಾಠ ಹೇಳುವುದು, ಅದರ ಮೇಲೆ ಸಂಶೋಧನೆ, ಮೂರೂ ಅವರದೇ. ಜರಡಿಯ ತೂತು ದೊಡ್ಡದಾದ ಹಾಗೆ ಮಗುವಿನ ಕಿಡ್ನಿ ಸೋರುತ್ತಿದೆ, ರಕ್ತದಲ್ಲಿ ನಿಲ್ಲಬೇಕಾದ ಸತ್ವ ಮೂತ್ರದಲ್ಲಿ ಹೋಗುತ್ತಿದೆ ಎಂದರು.

"ಗುಣ ಆಗತ್ತಾ?" ಎಂದೆ.

"ಆಗತ್ತೆ. ಮತ್ತೆ ಬರತ್ತೆ. ಮತ್ತೆ ಗುಣ ಆಗತ್ತೆ. ದೊಡ್ಡವರಾಗ್ತಾ ಸುಮಾರು ಮಕ್ಕಳಿಗೆ ಬಿಟ್ಟುಹೋಗತ್ತೆ."

"ನೆಂಟರ ಥರ ಅನ್ನಿ."

"ನೆಂಟರಾದ್ರೂ ಕಾಗದ ಹಾಕಿ ಬರ್ತಾರೆ ಅಜ್ಜಿ. ಇದು ಹೇಳದೆ ಬರತ್ತೆ. ಅದಕ್ಕೇ ದಿನಾ ಬೆಳಗ್ಗೆ ನೋಡ್ಬೇಕು."

ನೋಡುವುದೆಂದರೆ ಹೀಗೆ. ಮಗುವಿನ ಬೆಳಗಿನ ಮೊದಲ ಮೂತ್ರವನ್ನು ಗಾಜಿನ ಟ್ಯೂಬಿಗೆ ಹಾಕಿ, ಸ್ಪಿರಿಟ್ ದೀಪದ ಮೇಲೆ ಹಿಡಿದು ಕುದಿಸಬೇಕು, ಆಮೇಲೆ ಎರಡು ಹನಿ ಹುಳಿ ಔಷಧಿ ಬಿಡಬೇಕು. ತಿಳಿಯಾಗಿದ್ದರೆ ಅವರು ಕೊಟ್ಟ ಪುಸ್ತಕದಲ್ಲಿ ಸೊನ್ನೆ. ಅಕ್ಕಿ ತೊಳೆದ ನೀರಿನಂತಿದ್ದರೆ ಒಂದು ಗೆರೆ, ಮಜ್ಜಿಗೆಯಂತಿದ್ದರೆ ಎರಡು, ಮೊಸರಿನಂತೆ ಗಟ್ಟಿಯಾದರೆ ಮೂರು. ಬಚ್ಚಲಿನ ಹಿಂದೆ ಒಂದು ಕಲ್ಲಿನ ಮೇಲೆ ದೀಪ ಇಟ್ಟುಕೊಂಡೆ. ಅರವತ್ತು ವರ್ಷ ಮಡಿಯಲ್ಲಿ ಅಡಿಗೆ ಮಾಡಿದವಳು ಕೊನೆಗೆ ಉಚ್ಚೆ ಕಾಯಿಸಲು ಕಲಿತೆ. ಹಾಲಿಗಿಂತ ಸುಲಭ. ಉಕ್ಕುವುದಿಲ್ಲ.

ಮನೆಯವರೇ ದಿನವೂ ನೋಡಿ ಬರೆದರೆ ಊತ ಬರುವ ಮೊದಲೇ ರೋಗವನ್ನು ಹಿಡಿಯಬಹುದೇ, ಹೆಚ್ಚು ಓದದವರೂ ಸರಿಯಾಗಿ ಬರೆಯಬಲ್ಲರೇ ಎನ್ನುವುದು ಡಾಕ್ಟರಮ್ಮನ ಸಂಶೋಧನೆ. ಅದಕ್ಕೆ ಒಂದಷ್ಟು ಮನೆಗಳನ್ನು ಆರಿಸಿಕೊಂಡಿದ್ದರು. ಸೊಸೆ ಎಂಟಕ್ಕೆ ಬ್ಯಾಂಕಿಗೆ ಹೊರಡುವವಳು, ಮಗನಿಗೆ ಕಾಫಿ ಬಿಸಿ ಮಾಡಿಕೊಳ್ಳಲೂ ಬಾರದು. ನಾನು ಎರಡನೇ ಕ್ಲಾಸಿನವರೆಗೆ ಓದಿದವಳು, ಸಹಿ ಬರುತ್ತದೆ. ಹಾಕಿದೆ.

ವರ್ಷ ಕಳೆಯುವಷ್ಟರಲ್ಲಿ ನನ್ನ ಪುಸ್ತಕ ಆ ಆಸ್ಪತ್ರೆಯಲ್ಲಿ ಹೆಸರು ಮಾಡಿತು. ಡಾಕ್ಟರಮ್ಮ ಅದನ್ನು ಎತ್ತಿ ಹಿಡಿದು ಕಲಿಯುವವರಿಗೆ ತೋರಿಸುತ್ತಿದ್ದರು. "ಎರಡನೇ ಕ್ಲಾಸ್. ಒಂದು ದಿನ ಬಿಟ್ಟಿಲ್ಲ. ನಿಮ್ಮ ಕೇಸ್ ಶೀಟ್ ಇದರ ಪಕ್ಕ ಇಟ್ಟು ನೋಡಿ, ನಾಚಿಕೆ ಆಗತ್ತೆ." ಅವರು ನಾಚಿಕೊಂಡರೋ ಇಲ್ಲವೋ, ನಾನು ಸೆರಗು ಸರಿಮಾಡಿಕೊಂಡು ಕೂರುತ್ತಿದ್ದೆ.

ಮಗು ದಿನ ಬಿಟ್ಟು ದಿನ ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿತ್ತು. ಅದರಿಂದ ಮುಖ ಗುಂಡಗಾಗಿ, ಸ್ಕೂಲಿನಲ್ಲಿ ಬೋಂಡ ಎಂದು ಕರೆಯುತ್ತಿದ್ದರು. ಗಣೇಶನ ಹಬ್ಬ ಮುಗಿದ ಮೇಲೆ ಹೋದಾಗ ಡಾಕ್ಟರಮ್ಮ ಪುಸ್ತಕ ತಿರುವಿ, "ಇನ್ನೊಂದು ತಿಂಗಳು ಹೀಗೇ ಸೊನ್ನೆ ಇದ್ರೆ ಮಾತ್ರೆ ನಿಲ್ಲಿಸೋಣ" ಎಂದರು. ಬಸ್ಸಿನಲ್ಲಿ ಮಗು ಕಿಟಕಿಯ ಕಡೆ ತಿರುಗಿಕೊಂಡು ಬೆರಳು ಎಣಿಸಿತು. ಬೆರಳು ಸಾಲದೆ ನನ್ನ ಕೈ ತೆಗೆದುಕೊಂಡಿತು.

ಆ ತಿಂಗಳಲ್ಲೇ ನಮ್ಮ ಯಜಮಾನರ ಶ್ರಾದ್ಧ ಬಂತು. ಹಿಂದಿನ ದಿನದಿಂದಲೇ ಮಡಿ. ಸ್ನಾನ ಮಾಡಿ ಮಡಿಯಲ್ಲಿ ಒಣಗಿಸಿದ ಸೀರೆ ಉಟ್ಟು ಒಲೆ ಹತ್ತಿಸಿದವಳು ಮಗು ಏಳುವ ಹೊತ್ತಿಗೆ ಉಚ್ಚೆ ಕುದಿಸಲು ಹೋಗುವುದು ಹೇಗೆ? ಹೋದರೆ ಮತ್ತೆ ಸ್ನಾನ, ಮತ್ತೆ ಸೀರೆ. ಸೊಸೆ, "ನಾನು ನೋಡ್ಲಾ ಅತ್ತೆ?" ಎಂದಳು. "ನಿನಗೆ ಗೊತ್ತಾಗಲ್ಲ" ಎಂದೆ. ಆಗುತ್ತಿತ್ತು. ಆಸ್ಪತ್ರೆಯಲ್ಲಿ ಹೆಸರು ಮಾಡಿದ ಕೆಲಸವನ್ನು ಇನ್ನೊಬ್ಬರಿಗೆ ಕೊಡಲು ನನಗೆ ಮನಸ್ಸಿರಲಿಲ್ಲ. ಎರಡು ತಿಂಗಳಿಂದ ಸೊನ್ನೆಯೇ ಬರುತ್ತಿದೆ, ಇವತ್ತು ಬೇರೇನು ಬರುತ್ತದೆ ಎಂದು ಸೊನ್ನೆ ಹಾಕಿದೆ. ಶ್ರಾದ್ಧದ ದಿನವೂ ಹಾಕಿದೆ. ಮೂರನೆಯ ದಿನ ಮಡಿ ಏನೂ ಇರಲಿಲ್ಲ, ಸೊಂಟ ನೋವಿತ್ತು. ಅದನ್ನೂ ಶ್ರಾದ್ಧದ ಲೆಕ್ಕಕ್ಕೇ ಸೇರಿಸಿದೆ.

ನಾಲ್ಕನೆಯ ದಿನ ಟ್ಯೂಬು ಮೊಸರಾಯಿತು. ಮೂರು ಗೆರೆ ಎಳೆದು ಆಸ್ಪತ್ರೆಗೆ ಹೊರಟೆವು.

ಡಾಕ್ಟರಮ್ಮ ಪುಸ್ತಕ ನೋಡಿದರು. ಪಕ್ಕದಲ್ಲಿ ಕಲಿಯುವ ಹುಡುಗಿಯೊಬ್ಬಳು ಫೈಲು ಹಿಡಿದು ನಿಂತಿದ್ದಳು. "ನೋಡಮ್ಮ, ಬಂದಿರೋದು ಇವತ್ತೇ ಮೊದಲು. ನೆಗಡಿ ಆದಾಗ ಒಂದು ದಿನ ಹೀಗೆ ಬಂದು ಹೋಗೋದುಂಟು. ಮೂರು ದಿನ ಒಂದೇ ಸಮ ಮೂರು ಗೆರೆ ಇದ್ರೆ ಮಾತ್ರ ದೊಡ್ಡ ಡೋಸ್ ಶುರು ಮಾಡೋದು. ನಿನ್ನೆ ಮೊನ್ನೆ ಸೊನ್ನೆ ಇದೆ. ಕಾಯೋಣ. ಈ ಅಜ್ಜಿ ಪುಸ್ತಕ ಇದ್ಮೇಲೆ ಕಾಯಬಹುದು."

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮಾತ್ರೆ ನಿಲ್ಲುವ ಆಸೆಯೂ ಇನ್ನೂ ಉಳಿಯುತ್ತಿತ್ತು. ಆ ಹುಡುಗಿ ಫೈಲಿನಲ್ಲಿ 'ಕಾಯುವುದು' ಎಂದು ಬರೆಯಲು ಶುರು ಮಾಡಿದ್ದಳು.

"ಆ ಮೂರು ದಿನ ನಾನು ನೋಡಿಲ್ಲ," ಎಂದೆ.

"ಏನು ನೋಡಿಲ್ಲ?"

"ಕುದಿಸಿಲ್ಲ. ಮನೇಲಿ ಶ್ರಾದ್ಧ ಇತ್ತು. ಸೊನ್ನೆ ಸುಮ್ನೆ ಹಾಕಿದ್ದು."

ಡಾಕ್ಟರಮ್ಮ ಬೈಯಲಿಲ್ಲ. ಮಗುವನ್ನು ಮಂಚದ ಮೇಲೆ ಕೂರಿಸಿ ಮೊಣಕಾಲಿನ ಕೆಳಗೆ ಹೆಬ್ಬೆರಳು ಒತ್ತಿ ಹಿಡಿದರು. ತೆಗೆದ ಮೇಲೂ ಗುಳಿ ಹಾಗೇ ಉಳಿಯಿತು. ತೂಕ ನೋಡಿದರೆ ಹೋದ ಸಲಕ್ಕಿಂತ ಜಾಸ್ತಿ.

"ಪುಟ್ಟಿ, ಶೂ ಬಿಗಿ ಆಗ್ತಿದ್ಯಾ?"

"ಮೊನ್ನೆಯಿಂದ."

"ಮತ್ತೆ ಮನೇಲಿ ಯಾಕೆ ಹೇಳ್ಲಿಲ್ಲ?"

"ಅಜ್ಜಿ ಸೊನ್ನೆ ಹಾಕಿದ್ಲಲ್ಲ."

ನಾನು ಗೋಡೆಯ ಮೇಲಿದ್ದ ಪೋಲಿಯೋ ಚಿತ್ರ ನೋಡಿದೆ.

ದೊಡ್ಡ ಡೋಸ್ ಅಂದೇ ಶುರುವಾಯಿತು. ಚೀಟಿ ಬರೆದು ಮುಗಿಸಿದ ಮೇಲೆ ಡಾಕ್ಟರಮ್ಮ ನನ್ನ ಪುಸ್ತಕದ ಆ ಮೂರು ಸೊನ್ನೆಗಳನ್ನು ಹೊಡೆದುಹಾಕಿದರು. ಆಮೇಲೆ ಬೀರುವಿನಿಂದ ಉಳಿದ ಮನೆಯವರು ಬರೆದು ತುಂಬಿಸಿ ಕೊಟ್ಟಿದ್ದ ಪುಸ್ತಕಗಳನ್ನು ತೆಗೆಸಿ, ನರ್ಸಿನ ಕೋಣೆಯಿಂದ ಕ್ಯಾಲೆಂಡರ್ ತರಿಸಿದರು.

"ವರಮಹಾಲಕ್ಷ್ಮಿ ದಿನ ನೋಡು."

ಹುಡುಗಿ ಒಂದೊಂದೇ ಪುಸ್ತಕ ತೆರೆದಳು. "ಎಲ್ಲಾ ಸೊನ್ನೆ, ಮೇಡಂ."

"ಗೌರಿ ಹಬ್ಬ?"

"ಸೊನ್ನೆ."

"ಗಣೇಶ?"

"ಒಬ್ಬರದು ಮಾತ್ರ ಎರಡು ಗೆರೆ ಇದೆ. ಅವರ ಮನೇಲಿ ಗಣೇಶನ ಹಬ್ಬ ಇಲ್ಲ, ಮೇಡಂ."

ಹಬ್ಬದ ದಿನ ಈ ಊರಿನಲ್ಲಿ ಯಾವ ಮಗುವಿನ ಕಿಡ್ನಿಯೂ ಸೋರುವುದಿಲ್ಲ ಎಂದು ಅಲ್ಲಿಗೆ ಸಿದ್ಧವಾಯಿತು.

"ನನ್ನ ಪೇಪರ್ ಹೋಯ್ತು," ಎಂದರು ಡಾಕ್ಟರಮ್ಮ. ಅಳುವ ದನಿಯಲ್ಲ, ಬಸ್ಸು ಹೋಯಿತು ಎನ್ನುವ ಹಾಗೆ.

"ಇನ್ನೊಂದು ಬರೀರಿ."

"ಬರೀತೀನಿ. ನೀವು ಮಾಡಿದ್ದನ್ನೇ ಬರೀತೀನಿ."

"ಹೆಸರು ಹಾಕ್ಬೇಡಿ."

"ಹಾಕೋ ಹಾಗೇ ಇಲ್ಲ, ಅಜ್ಜಿ. ಅಷ್ಟು ಪುಣ್ಯ ನಿಮ್ದು." ಪುಸ್ತಕವನ್ನು ನನ್ನ ಕೈಗೆ ಕೊಟ್ಟರು. "ಇನ್ಮೇಲೆ ನೋಡದಿದ್ದ ದಿನ ಇಂಟು ಮಾರ್ಕ್ ಹಾಕಿ. ಇಂಟು ಹಾಕಿದ್ರೆ ಬೈಯಲ್ಲ. ನೋಡದೆ ಸೊನ್ನೆ ಹಾಕಿದ್ರೆ ಬೈತೀನಿ. ಎಲ್ಲರ ಮುಂದೆ."

ಬಸ್ಸಿನಲ್ಲಿ ಮಗು, "ಮತ್ತೆ ಮೊದಲಿಂದ ಎಣಿಸ್ಬೇಕಾ?" ಎಂದಿತು. ಹೌದು ಎಂದೆ. "ನೀನು ನೋಡಿದ್ದಿದ್ರೆ ಬರ್ತಿರ್ಲಿಲ್ವಾ?"

"ಬರ್ತಿತ್ತು. ಬೇಗ ಗೊತ್ತಾಗ್ತಿತ್ತು, ಅಷ್ಟೆ."

ಅದು ಬಗ್ಗಿ ಶೂ ಒತ್ತಿ ನೋಡಿಕೊಂಡಿತು. "ಇನ್ಮೇಲೆ ಶೂ ಬಿಗಿ ಆದ್ರೆ ನಿನ್ನ ಕೇಳಲ್ಲ. ಹೇಳ್ಬಿಡ್ತೀನಿ."

"ಹೇಳು," ಎಂದೆ.

ಮೊಸರು ಮಜ್ಜಿಗೆಯಾಗಲು ಒಂದು ವಾರ ಹಿಡಿಯಿತು. ಆಮೇಲೆ ಅಕ್ಕಿ ತೊಳೆದ ನೀರು. ದಿನವೂ ಬೆಳಗ್ಗೆ ಮಗು ಪಕ್ಕದಲ್ಲಿ ಬಂದು ನಿಂತು, ನಾನು ಗೆರೆ ಎಳೆಯುವುದನ್ನು ನೋಡಿಯೇ ಹಲ್ಲುಜ್ಜಲು ಹೋಗುತ್ತಿತ್ತು. ನನ್ನ ಮೇಲೆ ಕಾವಲು. ಇರಲಿ, ಬೇಕಾಗಿತ್ತು.

ತಿಳಿಯಾದದ್ದು ಒಂದು ಏಕಾದಶಿಯ ದಿನ. ಆಗಲೇ ಸ್ನಾನ ಮಾಡಿ ಮಡಿಯುಟ್ಟಿದ್ದೆ. ಮಗು ಎದ್ದು ಬಂದು ಬಾಗಿಲಲ್ಲಿ ನಿಂತಿತು. ಹಿತ್ತಲಿಗೆ ಹೋಗಿ ದೀಪ ಹಚ್ಚಿ ಕುದಿಸಿದೆ. ಎರಡು ಹನಿ ಬಿಟ್ಟು ಬೆಳಕಿಗೆ ಹಿಡಿದೆವು, ಮೊದಲು ನಾನು, ಆಮೇಲೆ ಅದು.

"ಸೊನ್ನೆ," ಎಂದಿತು ಮಗು.

ಬರೆದು, ಮತ್ತೆ ಸ್ನಾನಕ್ಕೆ ಹೋದೆ. ಹಂಡೆಯ ಬಿಸಿನೀರೆಲ್ಲ ಮಗ ಖಾಲಿ ಮಾಡಿದ್ದ.