ತೊಂಬತ್ತೊಂಬತ್ತರ ಜಿಗಿತ

ಒಂಬೈನೂರ ತೊಂಬತ್ತಕ್ಕೆ ತೊಂಬತ್ತೊಂಬತ್ತು ಕೂಡಿಸಿದರೆ ಎಷ್ಟು? ಪೆನ್ನು ಮುಟ್ಟಬಾರದು. ಮೊಬೈಲ್ ಅಂತೂ ಕೂಡದು. ಕಳೆದ ಭಾನುವಾರ ಇದೇ ಲೆಕ್ಕದ ಮೇಲೆ ನಮ್ಮ ಮನೆಯ ಒಂದು ಮದುವೆಯೇ ತೂಗಾಡುತ್ತಿತ್ತು ಎಂದರೆ ನಂಬುತ್ತೀರಾ?

ಮದುವೆ ನನ್ನ ಅಕ್ಕನ ಮಗಳು ಸಿಂಧುವಿನದು. ಅರಸೀಕೆರೆಯ ಹುಡುಗಿ, ಹೈಸ್ಕೂಲಿನಲ್ಲಿ ಮ್ಯಾಥ್ಸ್ ಟೀಚರ್. ಹುಡುಗ ಕಿರಣ್ ಬೇಲೂರಿನವನು. ಇಬ್ಬರಿಗೂ ಒಪ್ಪಿಗೆ, ಜಾತಕಕ್ಕೂ ಒಪ್ಪಿಗೆ. ಒಪ್ಪಿಗೆಯಾಗದೆ ಉಳಿದದ್ದು ಒಂದೇ: ಮದುವೆ ಯಾವ ಊರಲ್ಲಿ?

ಸಿಂಧುವಿನ ಅಪ್ಪ, ಅಂದರೆ ನನ್ನ ಬಸಣ್ಣ ಭಾವ, ಕೊಬ್ಬರಿ ವ್ಯಾಪಾರದವರು. ಮಗಳ ಧಾರೆ ಅರಸೀಕೆರೆ ಬಿಟ್ಟು ಬೇರೆಲ್ಲೂ ಇಲ್ಲ ಎಂದರು. ಕಿರಣನ ಅಪ್ಪ ಚಂದ್ರಪ್ಪನವರು, ಇರೋ ಒಬ್ಬ ಮಗನ ಮದುವೆ ಬೇಲೂರಿನಲ್ಲೇ ಎಂದು ಪಟ್ಟು ಹಿಡಿದರು. ಕೊನೆಗೆ ಯಾರೋ, ನಡುವೆ ಹಳೇಬೀಡಿನಲ್ಲಿ ಒಂದು ಛತ್ರ ನೋಡೋಣ ಎಂದು ರಾಜಿ ಮಾಡಿಸಿದರು. (ಆ ಯಾರೋ ನಾನೇ. ಎರಡೂ ಕಡೆಯಿಂದ ಬೈಸಿಕೊಂಡೆ.)

ಭಾವ, ಸಿಂಧು, ನಾನು ಬೇಲೂರಿಗೆ ಹೋಗಿ, ಅಲ್ಲಿಂದ ಕಿರಣನ ಕಾರಿನಲ್ಲಿ ಐವರೂ ಹೊರಟೆವು. ಮುಂದೆ ಕಿರಣ್ ಮತ್ತು ಸಿಂಧು. ಹಿಂದಿನ ಸೀಟಿನಲ್ಲಿ ಆ ಕಿಟಕಿಗೊಬ್ಬ ಬೀಗರು, ಈ ಕಿಟಕಿಗೊಬ್ಬ ಬೀಗರು, ನಡುವೆ ನಾನು. ಹಳೇಬೀಡು ಇನ್ನೇನು ಬಂತು ಅನ್ನುವಾಗ ಟೈರ್ ಪಂಕ್ಚರ್. ಸ್ಟೆಪ್ನಿಯಲ್ಲೂ ಗಾಳಿ ಇಲ್ಲ. ಕಿರಣ್ ಟೈರ್ ಬಿಚ್ಚಿಕೊಂಡು ಒಂದು ಆಟೋ ಹತ್ತಿ ಹೋದ. ನಾವು ನಾಲ್ವರು ಹುಣಸೆಮರದ ನೆರಳಿಗೆ ಸರಿದೆವು.

ಸುಮ್ಮನೆ ನಿಂತಿದ್ದರೆ ಆಗುತ್ತಿತ್ತು. ಛತ್ರದ ಮಾತು ಬಂತು, ದನಿ ಏರಿತು. ಹೀಗಾದರೆ ಸಂಬಂಧವನ್ನೇ ಇನ್ನೊಮ್ಮೆ ಯೋಚಿಸಬೇಕಾಗುತ್ತದೆ ಎಂದು ಚಂದ್ರಪ್ಪನವರು ಅಂದೇಬಿಟ್ಟರು. ಯೋಚಿಸಿ, ಬೇಡ ಅಂದವರು ಯಾರು ಎಂದರು ಭಾವ.

ಸಿಂಧುವಿನ ಮುಖ ಬಿಳಿಚಿಕೊಂಡಿತ್ತು. ಆದರೂ ಕ್ಲಾಸಿನಲ್ಲಿ ಹೇಳುವ ಹಾಗೆ ಸ್ಪಷ್ಟವಾಗಿ ಹೇಳಿದಳು. ಜಗಳ ಬೇಡ, ಪಂದ್ಯ ಆಗಲಿ. ತೊಂಬತ್ತೊಂಬತ್ತು ತೊಂಬತ್ತೊಂಬತ್ತಾಗಿ ಎಣಿಸುತ್ತಾ ಹೋಗಬೇಕು. ಒಮ್ಮೆ ಅಪ್ಪ, ಒಮ್ಮೆ ಚಂದ್ರಪ್ಪನವರು. ತಪ್ಪಿದವರು ಸೋತಂತೆ, ಗೆದ್ದವರ ಊರಲ್ಲಿ ಮದುವೆ.

ಇಬ್ಬರೂ ವ್ಯವಹಾರಸ್ಥರು. ಬಿಡುತ್ತಾರೆಯೇ?

ತೊಂಬತ್ತೊಂಬತ್ತು, ಎಂದರು ಭಾವ. ಚಂದ್ರಪ್ಪನವರು ಕಣ್ಣು ಮುಚ್ಚಿ ಬೆರಳು ಮಡಚಿ ನೂರ ತೊಂಬತ್ತೆಂಟು ಎಂದರು. ಇನ್ನೂರ ತೊಂಬತ್ತೇಳು. ಮುನ್ನೂರ ತೊಂಬತ್ತಾರು. ಒಂದೊಂದಕ್ಕೂ ಹಣೆ ಗಂಟು, ಒಳಗೊಳಗೇ ಗುಣುಗುಣು. ನಾನೂರ ತೊಂಬತ್ತೈದು. ಐನೂರ ತೊಂಬತ್ತನಾಲ್ಕು ಎಂದ ಚಂದ್ರಪ್ಪನವರು ಫಕ್ಕನೆ ಕಣ್ಣು ಬಿಟ್ಟರು.

"ಅಲ್ಲಾ, ಮುಂದಿಂದು ಒಂದೊಂದೇ ಏರ್ತೈತೆ, ಹಿಂದಿಂದು ಒಂದೊಂದೇ ಇಳೀತೈತೆ. ನಡುವಿನ ಒಂಬತ್ತು ಅಲ್ಲಾಡೋದೇ ಇಲ್ವಲ್ಲ."

ನೂರು ಕೂಡಿಸಿ ಒಂದು ವಾಪಸ್ ತಗೊಂಡ ಹಾಗೆ, ಅದಕ್ಕೇ ಹೀಗೆ ಎಂದಳು ಸಿಂಧು. ಆಮೇಲೆ ಕೇಳಬೇಕೆ? ಆರುನೂರ ತೊಂಬತ್ತಮೂರು, ಏಳುನೂರ ತೊಂಬತ್ತೆರಡು, ಎಂಟುನೂರ ತೊಂಬತ್ತೊಂದು, ಒಂಬೈನೂರ ತೊಂಬತ್ತು. ಪಟಪಟ, ಪಟಪಟ.

ಈಗ ಭಾವನ ಸರದಿ. ಕೊನೆಯ ಅಂಕಿ ಸೊನ್ನೆಗೆ ಬಂದಿದೆ, ಇನ್ನು ಇಳಿಯಲು ಜಾಗವಿಲ್ಲ. ಭಾವ ಬಾಯಿ ತೆರೆದರು, ಮುಚ್ಚಿದರು. ಹುಣಸೆಮರ ನೋಡಿದರು. ಸಿಂಧು ಉಗುರು ಕಚ್ಚತೊಡಗಿದಳು. ಗೆಲ್ಲಲು ಚಂದ್ರಪ್ಪನವರು ಮಾಡಬೇಕಿದ್ದದ್ದು ಇಷ್ಟೇ: ಬಾಯಿ ಮುಚ್ಚಿಕೊಂಡಿರುವುದು.

ಅವರಿಂದ ಆಗಲಿಲ್ಲ!

"ಸಾವಿರದ ಎಂಬತ್ತೊಂಬತ್ತು ಕಣ್ರೀ ಬೀಗ್ರೇ. ನಡುವಿನ ಒಂಬತ್ತು ಎಂಟಾಯ್ತು, ಅಷ್ಟೇಯ. ಹೇಳಿ ಮುಂದಕ್ಕೆ, ಏನಾಗ್ತೈತೆ ನೋಡಾನ."

ಸಾವಿರದ ನೂರ ಎಂಬತ್ತೆಂಟು ಎಂದರು ಭಾವ. ಸಾವಿರದ ಇನ್ನೂರ ಎಂಬತ್ತೇಳು. ಈ ಸುತ್ತಿನಲ್ಲಿ ಎಂಟು ಅಲ್ಲಾಡಲಿಲ್ಲ. ಸಾವಿರದ ಒಂಬೈನೂರ ಎಂಬತ್ತು ತಲುಪುವ ಹೊತ್ತಿಗೆ ಮುಂದೇನೆಂದು ಇಬ್ಬರಿಗೂ ಹೊಳೆದಿತ್ತು. ಎರಡು ಸಾವಿರದ ಎಪ್ಪತ್ತೊಂಬತ್ತು ಎಂದು ಒಟ್ಟಿಗೇ ಕೂಗಿದರು. ಭಾವ ಬೀಗರ ತೋಳು ಹಿಡಿದುಕೊಂಡಿದ್ದರು. (ನಾನೂ ಕೂಗಿದೆ. ನನ್ನನ್ನು ಯಾರೂ ಸೇರಿಸಿಕೊಂಡಿರಲಿಲ್ಲ.)

ಟೈರ್ ಹೊತ್ತು ಬಂದ ಕಿರಣ್ ದೂರದಿಂದಲೇ ಗದ್ದಲ ಕೇಳಿ, ಕೈ ಕೈ ಮಿಲಾಯಿಸಿದ್ದಾರೆ ಎಂದುಕೊಂಡು ಓಡಿ ಬಂದ. ಅವನಿಗೆ ಕೇಳಿಸಿದ್ದು ಮೂರು ಸಾವಿರದ ಅರವತ್ತೊಂಬತ್ತು.

ಆಮೇಲೆ ಇನ್ನೊಂದು ಜಗಳ. ಭಾವ ನೇರ ಮನುಷ್ಯ. "ನಾನು ಸೋತೆ. ಮದ್ವೆ ಬೇಲೂರಲ್ಲೇ ಆಗ್ಲಿ," ಎಂದರು. ಹೇಳಿಕೊಟ್ಟವನು ತಾನು, ನಿಯಮ ಮುರಿದವನು ತಾನು, ಹಾಗಾಗಿ ಅರಸೀಕೆರೆಯೇ ಸರಿ ಎಂದರು ಚಂದ್ರಪ್ಪನವರು. ಒಬ್ಬರ ಊರಿಗಾಗಿ ಇನ್ನೊಬ್ಬರು ಹಟ ಹಿಡಿದದ್ದನ್ನು ನಾನು ನೋಡಿದ್ದು ಅದೇ ಮೊದಲು. ಕೊನೆಗೆ ಧಾರೆ ಅರಸೀಕೆರೆಯಲ್ಲಿ, ಆರತಕ್ಷತೆ ಬೇಲೂರಿನಲ್ಲಿ ಎಂದಾಯಿತು. ಇಷ್ಟು ಸುಲಭದ ದಾರಿ ಮೊದಲೇ ಯಾಕೆ ಹೊಳೆಯಲಿಲ್ಲ? ಅದಕ್ಕೂ ಮೊದಲು ಇಬ್ಬರೂ ಒಂದೇ ಕಡೆ ನೋಡಬೇಕಿತ್ತೇನೋ. ಮುಂದಿನ ಸಂಖ್ಯೆ ಯಾವುದು ಎಂಬ ಕುತೂಹಲ ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿತು.

ಕಾರು ಹೊರಟಿತು. ಹಿಂದಿನ ಸೀಟಿನಲ್ಲಿ ಆಗಲೇ ತೊಂಬತ್ತೆಂಟರ ಪಂದ್ಯ ಶುರುವಾಗಿತ್ತು. ಮುಂದೆ ಕೂತಿದ್ದ ಸಿಂಧು ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು:

"ಮದುವೆ ಆಗೋರು ನಾವಿಬ್ಬರು. ಎಲ್ಲಿ ಆಗಬೇಕು ಅಂತ ನಮ್ಮನ್ನ ಒಬ್ಬರಾದ್ರೂ ಕೇಳಿದ್ರಾ ಮಾವ?"